ನಾಲ್ಕು ಗಡಿ ದಾಟಿದರೆ ಭಾರತ

ಕಳೆದ ತಿಂಗಳು ಆಫೀಸಿನಲ್ಲಿ ಒಂದು ಬಗ್ ನನ್ನ ತಲೆ ತಿಂದುಬಿಟ್ಟಿತು. ಕೆಲಸ ನೋಡೋಕೆ ಸುಲಭವಾಗೇ ಇತ್ತು. ಭೂಪಟದ ಮೇಲಿನ ಒಂದು ಬಿಂದು ಕೊಟ್ಟರೆ ಅದು ಯಾವ ದೇಶದ ಯಾವ ಜಿಲ್ಲೆಯಲ್ಲಿದೆ ಅಂತ ಹೇಳುವ ಪ್ರೋಗ್ರಾಮ್. ಗಡಿ ಅಂದರೆ ಒಂದು ಬಹುಭುಜ, ಬಿಂದು ಅದರ ಒಳಗಿದೆಯೋ ಹೊರಗಿದೆಯೋ ಅಂತ ಲೆಕ್ಕ ಹಾಕಿದರೆ ಮುಗಿಯಿತು. ಹೈಸ್ಕೂಲ್ ಗಣಿತ. ಒಂದು ದೇಶದ ಹೊಟ್ಟೆಯೊಳಗೆ ಇನ್ನೊಂದು ದೇಶ ಇದ್ದರೆ? ಅದಕ್ಕೂ ವ್ಯವಸ್ಥೆ ಇತ್ತು, ಬಹುಭುಜದಲ್ಲಿ ಒಂದು ತೂತು. ಆ ತೂತಿನೊಳಗೆ ಮತ್ತೊಂದು ತುಂಡು ಇದ್ದರೆ? ಅಲ್ಲಿಗೆ ನಮ್ಮ ಪ್ರೋಗ್ರಾಮ್ ಕೈ ಎತ್ತಿತು. "ಅಷ್ಟೆಲ್ಲ ಯಾಕೆ ತಲೆ ಕೆಡಿಸ್ಕೋತೀಯಾ, ಅದು ಕಾರ್ನರ್ ಕೇಸ್, ಯಾರಿಗೂ ಬರಲ್ಲ" ಅಂದ ನಮ್ಮ ಟೀಮ್ ಲೀಡ್.

ಯಾರಿಗೂ ಬರಲ್ಲ ಅಂದಿದ್ದೇ ತಡ, ನನಗೆ ಹಠ ಬಂತು. ಪ್ರಪಂಚದಲ್ಲಿ ಎಲ್ಲಾದರೂ ಅಂಥ ಜಾಗ ಇದೆಯಾ ಅಂತ ಹುಡುಕಲು ಕೂತೆ. ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್ ನಡುವೆ ಬಾರ್ಲೆ ಅಂತ ಊರಿದೆ, ಅಲ್ಲಿ ಕೆಲವು ಮನೆಗಳ ಮಧ್ಯದಲ್ಲೇ ಗಡಿ ಹಾದುಹೋಗುತ್ತೆ. ಚೆನ್ನಾಗಿದೆ, ಆದರೆ ಅದು ಎರಡು ಮಟ್ಟದ್ದು. ನನಗೆ ಸಿಕ್ಕಿದ್ದು ಅದಕ್ಕಿಂತ ದೊಡ್ಡ ಕಗ್ಗಂಟು, ಅದೂ ನಮ್ಮ ಮಗ್ಗುಲಲ್ಲೇ.

ದಹಲಾ ಖಾಗ್ರಾಬಾರಿ. ಬಾಂಗ್ಲಾದೇಶದ ಪಂಚಗಢ ಜಿಲ್ಲೆಯಲ್ಲಿದ್ದ ಒಂದು ಸೆಣಬಿನ ಹೊಲ. ಅಳತೆ ಸುಮಾರು 7,000 ಚದರ ಮೀಟರ್, ಅಂದರೆ ಎರಡು ಎಕರೆಗಿಂತ ಸ್ವಲ್ಪ ಕಡಿಮೆ. 2015ರವರೆಗೆ ಈ ಹೊಲ ಭಾರತದ್ದು. ಅದರ ಸುತ್ತ ಇದ್ದದ್ದು ಬಾಂಗ್ಲಾದೇಶದ ಒಂದು ಹಳ್ಳಿ. ಆ ಹಳ್ಳಿಯ ಸುತ್ತ ಇದ್ದದ್ದು ಭಾರತದ ಒಂದು ದೊಡ್ಡ ತುಂಡು. ಆ ತುಂಡಿನ ಸುತ್ತ ಬಾಂಗ್ಲಾದೇಶ. ಅದರಾಚೆ ಭಾರತ! ಹೊಲದಲ್ಲಿ ನಿಂತವನು ಭಾರತದಲ್ಲೇ ನಿಂತಿದ್ದಾನೆ, ಆದರೂ ಭಾರತಕ್ಕೆ ಬರಬೇಕಾದರೆ ಅವನು ನಾಲ್ಕು ಅಂತರರಾಷ್ಟ್ರೀಯ ಗಡಿ ದಾಟಬೇಕಿತ್ತು. ಜಗತ್ತಿನಲ್ಲಿ ಮೂರನೇ ಮಟ್ಟದ ಇಂಥ ತುಂಡು ಇದ್ದದ್ದು ಇದೊಂದೇ. ಇಂಜಿನಿಯರಿಂಗ್‌ನಲ್ಲಿ ರಿಕರ್ಶನ್ ಅರ್ಥವಾಗದೆ ಒದ್ದಾಡಿದವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ಹಳೆಯ ಭೂಪಟದ ಡೇಟಾ ಹಾಕಿ ಬಗ್ ಸರಿಮಾಡಿದೆ. ಆದರೆ ವಿಷಯ ತಲೆಯಿಂದ ಹೋಗಲಿಲ್ಲ. ಯಾಕೆಂದರೆ ಆ ಬಹುಭುಜಗಳ ಒಳಗೆ ಐವತ್ತು ಸಾವಿರ ಜನ ಇದ್ದರು. ಜೊತೆಗೆ ನನ್ನದೊಂದು ಹಳೇ ತಪ್ಪೂ ನೆನಪಾಯಿತು. ಅದನ್ನು ಕೊನೆಗೆ ಹೇಳ್ತೀನಿ. ಮೊದಲು ಈ ತೂತುಗಳು ಹುಟ್ಟಿದ್ದು ಹೇಗೆ, 68 ವರ್ಷ ಯಾಕೆ ಹಾಗೇ ಉಳಿದವು, ಕೊನೆಗೆ ಹೇಗೆ ಮುಚ್ಚಿದವು ಅನ್ನೋದನ್ನು ನನಗೆ ತಿಳಿದ ಮಟ್ಟಿಗೆ ಹೇಳಿಬಿಡ್ತೀನಿ.

ಚದುರಂಗದ ಕಥೆ ಮತ್ತು ನಿಜವಾದ ಕಥೆ

ಇವನ್ನು ಅಲ್ಲಿನ ಜನ ಛಿಟ್‌ಮಹಲ್ ಅಂತ ಕರೀತಾರೆ. ಒಂದು ದಂತಕಥೆ ಇದೆ: ಕೂಚ್ ಬೆಹಾರದ ರಾಜನೂ ರಂಗಪುರದ ಮೊಗಲ್ ಫೌಜುದಾರನೂ ಚದುರಂಗ ಆಡುತ್ತಾ ಹಳ್ಳಿಗಳನ್ನು ಚೀಟಿಯ ಮೇಲೆ ಬರೆದು ಪಣಕ್ಕಿಡುತ್ತಿದ್ದರಂತೆ. ಸೋತವನ ಹಳ್ಳಿ ಗೆದ್ದವನಿಗೆ. ಕೇಳೋಕೆ ಮಜವಾಗಿದೆ, ಪತ್ರಿಕೆಗಳೂ ಇದನ್ನೇ ಬರೆದು ಬರೆದು ನಿಜ ಮಾಡಿಬಿಟ್ಟಿವೆ. ಇತಿಹಾಸಕಾರರು ಹೇಳುವುದು ಬೇರೆ. ಹದಿನೇಳನೇ ಶತಮಾನದ ಕೊನೆಯಲ್ಲಿ ಮೊಗಲರು ಕೂಚ್ ಬೆಹಾರದ ಮೇಲೆ ದಂಡೆತ್ತಿ ಹೋದರು. ಒಂದಷ್ಟು ಪರಗಣಗಳು ಮೊಗಲರಿಗೆ ಸೇರಿದವು. ಆದರೆ ಅವುಗಳ ನಡುವೆ ಅಲ್ಲಲ್ಲಿ ಕೂಚ್ ಬೆಹಾರಕ್ಕೆ ನಿಷ್ಠರಾದ ಜಮೀನ್ದಾರರು ಬಗ್ಗದೆ ಉಳಿದರು. ಹಾಗೆಯೇ ಕೂಚ್ ಬೆಹಾರದೊಳಗೆ ಮೊಗಲರ ಕಡೆಯವರು ಕೆಲವು ಜಾಗಗಳನ್ನು ಬಿಡಲಿಲ್ಲ. 1713ರ ಸುಮಾರಿಗೆ ಆದ ಒಪ್ಪಂದದಲ್ಲಿ ಯಾರ ಕೈಯಲ್ಲಿ ಏನಿದೆಯೋ ಅದು ಅವರಿಗೇ ಅಂತ ಆಯಿತು. ಅಷ್ಟೇ. ಚದುರಂಗವೂ ಇಲ್ಲ, ಪಗಡೆಯೂ ಇಲ್ಲ.

ಅಂದಿನ ಜನಕ್ಕೆ ಇದು ತೊಂದರೆಯೇ ಆಗಿರಲಿಲ್ಲ. ಕಂದಾಯ ಯಾರಿಗೆ ಕಟ್ಟಬೇಕು ಅನ್ನೋದು ಬಿಟ್ಟರೆ ಬೇರೆ ವ್ಯತ್ಯಾಸ ಅಷ್ಟೇನೂ ಇರಲಿಲ್ಲ. ಇದು ನನಗೆ ಅರ್ಥವಾಗೋದಕ್ಕೆ ಕಾರಣ ನಮ್ಮಜ್ಜ. ನಮ್ಮದು ಹುಬ್ಬಳ್ಳಿ ಪಕ್ಕದ ಕುಂದಗೋಳ. ಸವಾಯಿ ಗಂಧರ್ವರ ಊರು ಅಂದರೆ ಗೊತ್ತಾಗುತ್ತೆ. ಸ್ವಾತಂತ್ರ್ಯ ಬರೋವಾಗ ಅಜ್ಜ ಹನ್ನೆರಡು ವರ್ಷದ ಹುಡುಗ. "ಹುಬ್ಬಳ್ಳಿ ಇಂಗ್ರೇಜರದ್ದು, ನಾವು ಜಮಖಂಡಿ ಪಟವರ್ಧನರ ಮಂದಿ" ಅಂತ ಹೇಳ್ತಿದ್ದ. ಜಮಖಂಡಿ ಇರೋದು ಕುಂದಗೋಳದಿಂದ ನೂರು ಕಿಲೋಮೀಟರಿಗೂ ಆಚೆ! ನಡುವೆ ಬ್ರಿಟಿಷರ ಜಿಲ್ಲೆ. ಹಾಗೆಯೇ ಲಕ್ಷ್ಮೇಶ್ವರ ಮೀರಜ್ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದ್ದು. ನಮ್ಮ ಧಾರವಾಡ ಜಿಲ್ಲೆಯ ಹಳೇ ನಕಾಶೆ ನೋಡಿದರೆ ಕೌದಿ ಹೊಲಿದ ಹಾಗಿರುತ್ತೆ.

ನಮ್ಮ ಕೌದಿ 1948ರಲ್ಲಿ ಒಂದೇ ಏಟಿಗೆ ಬಿಚ್ಚಿಹೋಯಿತು. ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು, ಕುಂದಗೋಳ ಧಾರವಾಡ ಜಿಲ್ಲೆಗೆ ಸೇರಿತು. ಕಾರಣ ಇಷ್ಟೇ, ಎರಡೂ ಕಡೆ ಒಂದೇ ದೇಶ. ಕೂಚ್ ಬೆಹಾರದ ಕೌದಿಗೆ ಆ ಅದೃಷ್ಟ ಇರಲಿಲ್ಲ. 1947ರಲ್ಲಿ ರಂಗಪುರ ಪಾಕಿಸ್ತಾನಕ್ಕೆ ಹೋಯಿತು. ಕೂಚ್ ಬೆಹಾರ್ ಸಂಸ್ಥಾನ 1949ರಲ್ಲಿ ಭಾರತಕ್ಕೆ ಸೇರಿ, 1950ರ ಜನವರಿ 1ರಂದು ಪಶ್ಚಿಮ ಬಂಗಾಳದ ಒಂದು ಜಿಲ್ಲೆಯಾಯಿತು. ಕಂದಾಯದ ಗೆರೆ ರಾತ್ರೋರಾತ್ರಿ ದೇಶದ ಗೆರೆಯಾಯಿತು. ಲೆಕ್ಕ ಹಾಕಿದಾಗ ಸಿಕ್ಕಿದ್ದು: ಆಚೆ ಸಿಕ್ಕಿಬಿದ್ದ ಭಾರತದ ತುಂಡುಗಳು 111, ಒಟ್ಟು 17,160 ಎಕರೆ. ಈಚೆ ಸಿಕ್ಕಿಬಿದ್ದ ಅವರ ತುಂಡುಗಳು 51, ಒಟ್ಟು 7,110 ಎಕರೆ. ಇದು ಕೊನೆಗೆ ಕೈ ಬದಲಾದವುಗಳ ಲೆಕ್ಕ ಮಾತ್ರ.

ಇಲ್ಲದ ಮನುಷ್ಯರು

1952ರಲ್ಲಿ ಭಾರತ ಮತ್ತು ಪೂರ್ವ ಪಾಕಿಸ್ತಾನದ ನಡುವೆ ಪಾಸ್‌ಪೋರ್ಟು, ವೀಸಾ ಬಂದವು. ಈಗ ಯೋಚನೆ ಮಾಡಿ. ನೀವು ಒಂದು ತುಂಡಿನಲ್ಲಿ ಇದ್ದೀರಿ. ಹೊರಗೆ ಕಾಲಿಡೋಕೆ ವೀಸಾ ಬೇಕು. ವೀಸಾಕ್ಕೆ ಪಾಸ್‌ಪೋರ್ಟ್ ಬೇಕು. ಪಾಸ್‌ಪೋರ್ಟ್ ಮಾಡಿಸೋ ಆಫೀಸು ನಿಮ್ಮ ದೇಶದ ಮುಖ್ಯಭೂಮಿಯಲ್ಲಿದೆ. ಅಲ್ಲಿಗೆ ಹೋಗಬೇಕಾದರೆ ಮೊದಲು ಪರದೇಶ ದಾಟಬೇಕು, ಅದಕ್ಕೆ ವೀಸಾ ಬೇಕು... ನಮ್ಮ ಭಾಷೆಯಲ್ಲಿ ಹೇಳಬೇಕಾದರೆ ಡೆಡ್‌ಲಾಕ್. ಸಂತೆಗೆ ಹೋಗುವ ಪ್ರತಿಯೊಬ್ಬನೂ ಕಾನೂನಿನ ಕಣ್ಣಲ್ಲಿ ನುಸುಳುಕೋರ.

ತುಂಡುಗಳ ಒಳಗೆ ಏನಿತ್ತು ಅನ್ನೋದಕ್ಕಿಂತ ಏನಿರಲಿಲ್ಲ ಅಂತ ಹೇಳುವುದು ಸುಲಭ. ಪೊಲೀಸ್ ಇಲ್ಲ, ಕೋರ್ಟ್ ಇಲ್ಲ, ಆಸ್ಪತ್ರೆ ಇಲ್ಲ, ಸರ್ಕಾರಿ ಶಾಲೆ ಇಲ್ಲ, ಓಟಿಲ್ಲ. ಪಕ್ಕದ ಹಳ್ಳಿಗೆ ಹೋಗುವ ಕರೆಂಟು ತಂತಿ ತಲೆಯ ಮೇಲೆ ಹಾದುಹೋಗುತ್ತಿತ್ತು, ಮನೆಯಲ್ಲಿ ಮಾತ್ರ ಚಿಮಣಿ ಬುಡ್ಡಿ. ಮಕ್ಕಳನ್ನು ಶಾಲೆಗೆ ಸೇರಿಸಬೇಕಾದರೆ ಪಕ್ಕದ ದೇಶದ ಯಾರನ್ನೋ ಅಪ್ಪ ಅಂತ ಬರೆಸಬೇಕು. ಹೆರಿಗೆಗೆ ಆಸ್ಪತ್ರೆಗೆ ಹೋಗುವ ಹೆಂಗಸು ಬೇರೆಯವನ ಹೆಸರನ್ನು ಗಂಡ ಅಂತ ಹೇಳಬೇಕು. ಇಡೀ ಬದುಕೇ ಸುಳ್ಳು ವಿಳಾಸದ ಮೇಲೆ ನಿಂತದ್ದು. ಕಳವಾದರೆ, ಕೊಲೆಯಾದರೆ ದೂರು ಕೊಡೋದಾದರೂ ಎಲ್ಲಿ? ಪಕ್ಕದ ಠಾಣೆಯವರು "ಇದು ನಮ್ಮ ದೇಶವಲ್ಲ" ಅಂತಿದ್ದರು. ಅವರು ಹೇಳಿದ್ದೂ ನಿಜವೇ ಅಲ್ಲವೇ!

ಮೊದಲ ಪ್ರಯತ್ನ: 1958

ಪರಿಹಾರ ಯಾರಿಗೂ ಹೊಳೆದಿರಲಿಲ್ಲ ಅಂತ ಅಂದುಕೊಂಡಿದ್ದೆ. ತಪ್ಪು. ಪರಿಹಾರ 1958ರಲ್ಲೇ ಕಾಗದದ ಮೇಲೆ ಇತ್ತು. ಆ ವರ್ಷ ಸೆಪ್ಟೆಂಬರ್ 10ರಂದು ನೆಹರೂ ಮತ್ತು ಪಾಕಿಸ್ತಾನದ ಪ್ರಧಾನಿ ಫಿರೋಜ್ ಖಾನ್ ನೂನ್ ಒಪ್ಪಿಕೊಂಡರು: ನಿಮ್ಮ ತುಂಡು ನಿಮಗೆ ಬೇಡ, ನಮ್ಮ ತುಂಡು ನಮಗೆ ಬೇಡ. ಯಾರ ನೆಲದ ಮಧ್ಯೆ ಇದೆಯೋ ಅವರಿಗೇ ಸೇರಲಿ. ಹೆಚ್ಚು ಕಡಿಮೆ ಜಾಗಕ್ಕೆ ಪರಿಹಾರ ಕೇಳುವ ಹಾಗಿಲ್ಲ. ಇಷ್ಟು ಸರಳ.

ಆದರೆ ಅದೇ ಒಪ್ಪಂದದಲ್ಲಿ ಬೇರುಬಾರಿ ಅನ್ನೋ ಇನ್ನೊಂದು ವಿಷಯವೂ ಸೇರಿಕೊಂಡಿತ್ತು. ರ‍್ಯಾಡ್‌ಕ್ಲಿಫ್ 1947ರ ಜುಲೈನಲ್ಲಿ ಭಾರತಕ್ಕೆ ಬಂದು ಐದು ವಾರಗಳಲ್ಲಿ ಎರಡು ಪ್ರಾಂತ್ಯ ಸೀಳಿ ಹೋದವರು. ಅವರ ತೀರ್ಪಿನ ಬರಹದಲ್ಲಿ ಜಲ್‌ಪೈಗುರಿ ಜಿಲ್ಲೆಯ ಬೇರುಬಾರಿ ಯೂನಿಯನ್ ನಂಬರ್ 12 ಎಲ್ಲಿ ಸೇರಬೇಕು ಅನ್ನೋದು ಸ್ಪಷ್ಟವಾಗಿರಲಿಲ್ಲ. ಎಂಟೂ ಮುಕ್ಕಾಲು ಚದರ ಮೈಲಿ, ಹತ್ತು ಹನ್ನೆರಡು ಸಾವಿರ ಜನ. ನೆಹರೂ ಮತ್ತು ನೂನ್ ಅದನ್ನು ಅರ್ಧ ಅರ್ಧ ಮಾಡಿಕೊಳ್ಳೋಣ ಅಂದರು. ಅಲ್ಲಿದ್ದವರಲ್ಲಿ ಬಹಳಷ್ಟು ಮಂದಿ ವಿಭಜನೆಯಲ್ಲಿ ಮನೆ ಮಠ ಬಿಟ್ಟು ಪೂರ್ವ ಬಂಗಾಳದಿಂದ ಓಡಿ ಬಂದವರು. ಈಗ ಮತ್ತೆ ಪಾಕಿಸ್ತಾನಕ್ಕೆ ಅಂದರೆ ಹೇಗೆ ಸುಮ್ಮನಿರುತ್ತಾರೆ? ಪಶ್ಚಿಮ ಬಂಗಾಳ ಹೊತ್ತಿಕೊಂಡಿತು. ಆ ಕಡೆ ಒಪ್ಪಂದವಾಗಿ ಒಂದು ತಿಂಗಳೂ ಆಗಿರಲಿಲ್ಲ, ಪಾಕಿಸ್ತಾನದಲ್ಲಿ ಮಿಲಿಟರಿ ಆಡಳಿತ ಬಂದು ನೂನ್ ಕುರ್ಚಿಯೂ ಹೋಯಿತು.

ಪ್ರಧಾನಿಗೆ ದೇಶದ ನೆಲ ಬಿಟ್ಟುಕೊಡುವ ಅಧಿಕಾರ ಇದೆಯೇ? ರಾಷ್ಟ್ರಪತಿಗಳು ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಕಳಿಸಿದರು. ಎಂಟು ನ್ಯಾಯಮೂರ್ತಿಗಳ ಪೀಠ 1960ರ ಮಾರ್ಚ್ 14ರಂದು ಕೊಟ್ಟ ಅಭಿಪ್ರಾಯ: ದೇಶಕ್ಕೆ ಆ ಅಧಿಕಾರ ಇದೆ, ಆದರೆ ಮಾಮೂಲಿ ಕಾನೂನಿನಿಂದ ಆಗದು, ಸಂವಿಧಾನವನ್ನೇ ತಿದ್ದಬೇಕು. ಪೀಠದ ಪರವಾಗಿ ಅದನ್ನು ಬರೆದವರು ಪಿ.ಬಿ. ಗಜೇಂದ್ರಗಡಕರ್. ಹೌದು, ನಮ್ಮ ಗದಗ ಜಿಲ್ಲೆಯ ಗಜೇಂದ್ರಗಡದ ಮೂಲದವರೇ, ಓದಿದ್ದು ಧಾರವಾಡದ ಕರ್ನಾಟಕ ಕಾಲೇಜಿನಲ್ಲೂ. ಅಂದ ಹಾಗೆ ಇದೇ ಅಭಿಪ್ರಾಯದಲ್ಲಿ ಸಂವಿಧಾನದ ಪ್ರಸ್ತಾವನೆ ಸಂವಿಧಾನದ ಭಾಗವಲ್ಲ ಅಂತಲೂ ಬರೆದಿತ್ತು. ಅದನ್ನು ತಪ್ಪು ಅಂತ ತಿದ್ದಿದ್ದು 1973ರ ಕೇಶವಾನಂದ ಭಾರತಿ ತೀರ್ಪು. ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳ ಕೇಸು. ಎಲ್ಲಿಯ ಬೇರುಬಾರಿ, ಎಲ್ಲಿಯ ಎಡನೀರು!

1960ರ ಕೊನೆಗೆ ಒಂಬತ್ತನೇ ತಿದ್ದುಪಡಿ ಪಾಸಾಯಿತು. ಆಮೇಲೆ ಕೋರ್ಟು ಕೇಸುಗಳು, 1965ರ ಯುದ್ಧ, 1971ರ ಯುದ್ಧ. ತಿದ್ದುಪಡಿ ಪುಸ್ತಕದಲ್ಲೇ ಉಳಿಯಿತು. ತುಂಡುಗಳು ನೆಲದಲ್ಲೇ ಉಳಿದವು.

ಎರಡನೇ ಪ್ರಯತ್ನ: 1974

ಪಾಕಿಸ್ತಾನ ಹೋಗಿ ಬಾಂಗ್ಲಾದೇಶ ಬಂತು. ಈಗ ಎದುರಿಗಿದ್ದದ್ದು ಶತ್ರುವಲ್ಲ, ಗೆಳೆಯ. 1974ರ ಮೇ 16ರಂದು ಇಂದಿರಾ ಗಾಂಧಿ ಮತ್ತು ಶೇಖ್ ಮುಜಿಬುರ್ ರೆಹಮಾನ್ ಭೂಗಡಿ ಒಪ್ಪಂದಕ್ಕೆ ಸಹಿ ಹಾಕಿದರು. ನನ್ನ ಪ್ರಕಾರ ಇಡೀ ಕಥೆಯಲ್ಲಿ ಅತ್ಯಂತ ಜಾಣತನದ ಕಾಗದ ಇದೇ. ಬೇರುಬಾರಿಯ ಗಲಾಟೆಗೆ ಒಂದು ದಾರಿ ಹುಡುಕಿದರು. ಪಾಕಿಸ್ತಾನಕ್ಕೆ ಹೋಗಬೇಕಿದ್ದ ದಕ್ಷಿಣ ಬೇರುಬಾರಿ ಭಾರತದಲ್ಲೇ ಉಳಿಯಲಿ. ಬದಲಿಗೆ ಬಾಂಗ್ಲಾದೇಶ ತನ್ನ ದೊಡ್ಡ ತುಂಡಾದ ದಹಗ್ರಾಮ ಮತ್ತು ಅಂಗರಪೋತವನ್ನು ಉಳಿಸಿಕೊಳ್ಳಲಿ. ಅಲ್ಲಿಗೆ ಓಡಾಡೋಕೆ ತೀನ್ ಬಿಘಾ ಅನ್ನೋ ಜಾಗವನ್ನು ಭಾರತ ಶಾಶ್ವತ ಗುತ್ತಿಗೆಗೆ ಕೊಡಲಿ. ಮಿಕ್ಕ ತುಂಡುಗಳು ಅದಲು ಬದಲಾಗಲಿ. ಅಲ್ಲಿರುವ ಜನ ಎಲ್ಲೂ ಹೋಗಬೇಕಾಗಿಲ್ಲ, ಇದ್ದಲ್ಲೇ ಇದ್ದು ಆ ದೇಶದ ನಾಗರಿಕರಾಗಬಹುದು.

ಬಾಂಗ್ಲಾದೇಶದ ಸಂಸತ್ತು ಅದೇ ವರ್ಷ ತನ್ನ ಸಂವಿಧಾನ ತಿದ್ದಿ ಒಪ್ಪಿಗೆ ಕೊಟ್ಟಿತು. ನಮ್ಮ ಸಂಸತ್ತು? ಒಪ್ಪಿಗೆ ಕೊಟ್ಟಿದ್ದು 2015ರಲ್ಲಿ. 41 ವರ್ಷ! 1975ರ ಆಗಸ್ಟ್ 15ರಂದು ಮುಜಿಬ್ ಕೊಲೆಯಾಯಿತು, ಎರಡು ದೇಶಗಳ ಸಂಬಂಧ ತಣ್ಣಗಾಯಿತು. ಇಲ್ಲಿ ಸರ್ಕಾರಗಳು ಬಂದವು, ಹೋದವು. ಗಡಿಯ ಅಳತೆ ಮುಗಿದಿಲ್ಲ ಅನ್ನೋದು ಕಾರಣವಾಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಗಡಿಯಲ್ಲಿ ಕೊನೆಗೆ ಅಳೆಯದೆ ಉಳಿದದ್ದು ಆರು ಚಿಲ್ಲರೆ ಕಿಲೋಮೀಟರ್. ಅಷ್ಟಕ್ಕೆ ಐವತ್ತು ಸಾವಿರ ಜನ ಕಾದರು.

ತೀನ್ ಬಿಘಾದ ಕಥೆಯನ್ನೇ ನೋಡಿ. ಉದ್ದ 178 ಮೀಟರ್, ಅಗಲ 85 ಮೀಟರ್. ನಾಲ್ಕು ಎಕರೆಯೂ ಇಲ್ಲ. ಇಷ್ಟು ಜಾಗದಲ್ಲಿ ಜನ ನಡೆದಾಡೋಕೆ ಬಿಡಬೇಕು ಅಂತ 1974ರಲ್ಲಿ ಒಪ್ಪಿದ್ದು, ಬಿಟ್ಟಿದ್ದು 1992ರ ಜೂನ್ 26ರಂದು. ಅದೂ ಹಗಲಿನಲ್ಲಿ ಮಾತ್ರ, ಒಂದು ಗಂಟೆ ತೆರೆಯೋದು, ಒಂದು ಗಂಟೆ ಮುಚ್ಚೋದು. ಆಮೇಲೆ ಹಗಲು ಪೂರ್ತಿ. ದಿನದ 24 ಗಂಟೆಯೂ ತೆರೆದಿದ್ದು 2011ರಲ್ಲಿ. ಅಷ್ಟು ವರ್ಷ ದಹಗ್ರಾಮದಲ್ಲಿ ರಾತ್ರಿ ಹೊತ್ತು ಹೊಟ್ಟೆನೋವು ಬಂದವನು ಬೆಳಗಾಗೋವರೆಗೆ ಗೇಟಿನ ಮುಂದೆ ಕಾಯಬೇಕಿತ್ತು. 178 ಮೀಟರ್ ನಡೆಯೋಕೆ ಎರಡು ನಿಮಿಷ ಸಾಕು.

ವಿಳಂಬಕ್ಕೆ ಬೆಲೆ ರಕ್ತದಲ್ಲೂ ಬಿತ್ತು. ತುಂಡುಗಳಲ್ಲದೆ ಇನ್ನೊಂದು ತಕರಾರಿತ್ತು, ಕಾಗದದಲ್ಲಿ ಒಬ್ಬರದಾಗಿ ಅನುಭೋಗದಲ್ಲಿ ಇನ್ನೊಬ್ಬರ ಕೈಯಲ್ಲಿದ್ದ ಜಾಗಗಳು. 2001ರ ಏಪ್ರಿಲ್‌ನಲ್ಲಿ ಮೇಘಾಲಯದ ಪಿರ್ದಿವಾ ಮತ್ತು ಅಸ್ಸಾಂ ಕಡೆಯ ಬೊರಾಯಿಬಾರಿಯಲ್ಲಿ ಇಂಥದೇ ಜಾಗಕ್ಕಾಗಿ ಎರಡು ದೇಶಗಳ ಗಡಿ ಪಡೆಗಳು ಹೊಡೆದಾಡಿದವು. ನಮ್ಮ ಬಿಎಸ್‌ಎಫ್‌ನ 16 ಮಂದಿ ಸತ್ತರು, ಆ ಕಡೆಯಲ್ಲೂ ಸತ್ತರು. ಮಿತ್ರ ದೇಶಗಳು ಅಂತ ಕರೆಸಿಕೊಳ್ಳುವ ಎರಡು ದೇಶಗಳ ನಡುವೆ!

ಮೂರನೇ ಸಲ

2011ರ ಜುಲೈನಲ್ಲಿ ಎರಡೂ ದೇಶದ ಅಧಿಕಾರಿಗಳು ಒಟ್ಟಿಗೆ ತುಂಡುಗಳಿಗೆ ಹೋಗಿ ತಲೆ ಎಣಿಸಿದರು. ನಮ್ಮ ತುಂಡುಗಳಲ್ಲಿ 37,334 ಜನ, ಅವರ ತುಂಡುಗಳಲ್ಲಿ 14,215. ನನಗೆ ಇದು ಬಹಳ ದೊಡ್ಡ ವಿಷಯ ಅನ್ನಿಸುತ್ತೆ. ಅಲ್ಲಿಯವರೆಗೆ ಮಾತುಕತೆಯೆಲ್ಲ ಎಕರೆಗಳ ಮೇಲೆ ನಡೆದಿತ್ತು, ಈಗ ತಲೆಗಳ ಲೆಕ್ಕವೂ ಮೇಜಿನ ಮೇಲೆ ಬಂತು.

ಸೆಪ್ಟೆಂಬರ್ 6ರಂದು ಢಾಕಾದಲ್ಲಿ ಮನಮೋಹನ ಸಿಂಗ್ ಮತ್ತು ಶೇಖ್ ಹಸೀನಾ ಎದುರು 1974ರ ಒಪ್ಪಂದವನ್ನು ಪೂರ್ತಿ ಮಾಡುವ ಪ್ರೋಟೋಕಾಲ್‌ಗೆ ಸಹಿ ಬಿತ್ತು. ಉಳಿದ ಆರು ಕಿಲೋಮೀಟರ್, ಅನುಭೋಗದ ಜಾಗಗಳು ಎಲ್ಲವೂ ಅದರಲ್ಲಿ ಇತ್ಯರ್ಥ. ಅದೇ ಪ್ರವಾಸದಲ್ಲಿ ತೀಸ್ತಾ ನದಿ ನೀರಿನ ಒಪ್ಪಂದವೂ ಆಗಬೇಕಿತ್ತು. ಮಮತಾ ಬ್ಯಾನರ್ಜಿ ಒಪ್ಪಲಿಲ್ಲ, ಪ್ರವಾಸಕ್ಕೂ ಬರಲಿಲ್ಲ, ತೀಸ್ತಾ ಬಿದ್ದುಹೋಯಿತು. 2013ರ ಡಿಸೆಂಬರ್‌ನಲ್ಲಿ ಸಂವಿಧಾನ ತಿದ್ದುಪಡಿ ಮಸೂದೆಯನ್ನು ರಾಜ್ಯಸಭೆಯಲ್ಲಿ ಮಂಡಿಸುವಾಗ ತೃಣಮೂಲ ಮತ್ತು ಅಸ್ಸಾಂ ಗಣ ಪರಿಷತ್ ಸದಸ್ಯರು ಮಂತ್ರಿಯ ಕೈಯಿಂದ ಕಾಗದ ಕಿತ್ತುಕೊಳ್ಳಲು ನುಗ್ಗಿದರು. ಆಗ ವಿರೋಧ ಪಕ್ಷದಲ್ಲಿದ್ದ ಬಿಜೆಪಿಯೂ ವಿರೋಧಿಸಿತು. ದೇಶದ ನೆಲ ಬಿಟ್ಟುಕೊಡ್ತಿದ್ದಾರೆ ಅನ್ನೋದೇ ಎಲ್ಲರ ಮಾತು.

2014ರಲ್ಲಿ ಸರ್ಕಾರ ಬದಲಾಯಿತು. ತಮಾಷೆ ನೋಡಿ, ವಿರೋಧಿಸಿದ್ದವರೇ ಅದನ್ನು ಪಾಸು ಮಾಡಿಸಿದರು. ಇದನ್ನು ನಾನು ವ್ಯಂಗ್ಯವಾಗಿ ಹೇಳ್ತಿಲ್ಲ. ಕುರ್ಚಿಯಲ್ಲಿ ಕೂತಾಗ ಕಡತ ಬೇರೆ ಥರ ಕಾಣುತ್ತೆ, ಆಗ ನಿಲುವು ಬದಲಿಸೋಕೂ ಧೈರ್ಯ ಬೇಕು. ಮಮತಾ ಕೂಡ ಒಪ್ಪಿದರು. ಅಸ್ಸಾಂ ಭಾಗವನ್ನು ಕೈಬಿಡೋಣ ಅನ್ನೋ ಯೋಚನೆ ಒಂದು ಹಂತದಲ್ಲಿ ಬಂದಿತ್ತು, ಕೊನೆಗೆ ಅದನ್ನೂ ಸೇರಿಸಿದರು. 2015ರ ಮೇ 6ರಂದು ರಾಜ್ಯಸಭೆ, 7ರಂದು ಲೋಕಸಭೆ. ಒಂದೇ ಒಂದು ವಿರೋಧದ ಮತವಿಲ್ಲದೆ ನೂರನೇ ತಿದ್ದುಪಡಿ ಪಾಸಾಯಿತು. ಜೂನ್ 6ರಂದು ಢಾಕಾದಲ್ಲಿ ಮೋದಿ ಮತ್ತು ಹಸೀನಾ, ಪಕ್ಕದಲ್ಲಿ ಮಮತಾ, ಒಪ್ಪಿಗೆ ಪತ್ರಗಳು ಕೈ ಬದಲಾದವು.

2015ರ ಜುಲೈ 31ರ ಮಧ್ಯರಾತ್ರಿ 162 ತುಂಡುಗಳು ಇಲ್ಲವಾದವು. ತುಂಡುಗಳಲ್ಲಿ 68 ಮೇಣದ ಬತ್ತಿ ಹಚ್ಚಿ ಹಬ್ಬ ಮಾಡಿದರು, ಕಳೆದ ವರ್ಷಕ್ಕೊಂದರಂತೆ. ಕರೆಂಟು ಇನ್ನೂ ಬಂದಿರಲಿಲ್ಲವಲ್ಲ.

ನನ್ನ ಹಳೇ ತಪ್ಪು

ಈಗ ನನ್ನ ವಿಷಯ. 2015ರ ಜೂನ್‌ನಲ್ಲಿ ನಾನು ಸಿಇಟಿ ಬರೆದು ಕೌನ್ಸೆಲಿಂಗ್‌ಗೆ ಕಾಯ್ತಾ ಕುಂದಗೋಳದಲ್ಲಿ ಅಜ್ಜನ ಮನೆಯಲ್ಲಿದ್ದೆ. ಪೇಪರಿನಲ್ಲಿ ಸುದ್ದಿ ಓದಿ ಮೈಯೆಲ್ಲ ಉರಿದಿತ್ತು. 17,160 ಎಕರೆ ಕೊಟ್ಟು 7,110 ತಗೊಳ್ಳೋದಾ? ಹತ್ತು ಸಾವಿರ ಎಕರೆ ನಷ್ಟ! ನಮ್ಮವರಿಗೆ ಚೌಕಾಸಿ ಮಾಡೋಕೇ ಬರಲ್ಲ ಅಂತ ಕಟ್ಟೆಯ ಮೇಲೆ ಕೂತು ಭಾಷಣ ಬಿಗಿದಿದ್ದೆ. ಬೆಳಗಾವಿ ವಿಷಯದಲ್ಲಿ "ಒಂದಿಂಚೂ ಬಿಡೆವು" ಅಂತ ಕೇಳಿಕೊಂಡೇ ಬೆಳೆದ ಹುಡುಗ ನಾನು. ಗಡಿ ಅಂದರೆ ರಕ್ತ ಬಿಸಿಯಾಗೋದು ಅಭ್ಯಾಸ.

ಅಜ್ಜ ಎಲೆ ಅಡಿಕೆ ಹಾಕ್ಕೋತಾ ಕೇಳಿಸಿಕೊಂಡ. ಆಮೇಲೆ ಒಂದೇ ಪ್ರಶ್ನೆ ಕೇಳಿದ: "ಕೊಟ್ರು ಕೊಟ್ರು ಅಂತೀಯಲ್ಲ, ಯಾವಾಗ ಇತ್ತದು ನಮ್ಮ ಕೈಯಾಗ?"

ಆಗ ನನಗೆ ಅರ್ಥವಾಗಲಿಲ್ಲ. ಅಜ್ಜನಿಗೆ ದೇಶಪ್ರೇಮ ಕಡಿಮೆ ಅಂತ ಅಂದುಕೊಂಡೆ. ಹತ್ತು ವರ್ಷದ ನಂತರ, ಆ ಬಹುಭುಜಗಳನ್ನು ಒಂದೊಂದಾಗಿ ಸ್ಕ್ರೀನ್ ಮೇಲೆ ನೋಡ್ತಾ ಅರ್ಥವಾಯಿತು. ಆ ಹತ್ತು ಸಾವಿರ ಎಕರೆಯಲ್ಲಿ ಭಾರತದ ಪೊಲೀಸ್ ಹೋಗಿರಲಿಲ್ಲ, ಮೇಷ್ಟ್ರು ಹೋಗಿರಲಿಲ್ಲ, ಮತಪೆಟ್ಟಿಗೆ ಹೋಗಿರಲಿಲ್ಲ. ನಾವು ಅಲ್ಲಿಂದ ಏನನ್ನೂ ತಂದಿರಲಿಲ್ಲ, ಅಲ್ಲಿಗೆ ಏನನ್ನೂ ಕೊಟ್ಟಿರಲಿಲ್ಲ. ಅದು ನಮ್ಮದಾಗಿದ್ದದ್ದು ನಕಾಶೆಯ ಬಣ್ಣದಲ್ಲಿ ಮಾತ್ರ. ಆ ಬಣ್ಣ ಅಳಿಸಿದರೆ ನಷ್ಟ ಅಂತ ಹೆದರಿ ಸರ್ಕಾರಗಳು, ಪಕ್ಷಗಳು, ನನ್ನಂಥ ಕಟ್ಟೆ ಪಂಡಿತರು ಎಲ್ಲ ಸೇರಿ ಐವತ್ತು ಸಾವಿರ ಜನರನ್ನು ಎರಡು ತಲೆಮಾರು ಕತ್ತಲಲ್ಲಿ ಇಟ್ಟೆವು. 1958ರ ಪರಿಹಾರವೂ 2015ರ ಪರಿಹಾರವೂ ಹೆಚ್ಚು ಕಡಿಮೆ ಒಂದೇ. ನಡುವಿನ 57 ವರ್ಷ ರಾಯಭಾರಿಗಳಿಗೆ ಬುದ್ಧಿ ಸಾಲದೆ ಕಳೆದದ್ದಲ್ಲ. ಕಾಗದದ ಮೇಲಿನ ಸೋಲನ್ನು ಒಪ್ಪಿಕೊಂಡು ತಮ್ಮದೇ ಜನರ ಮುಂದೆ ನಿಂತು ಹೇಳೋಕೆ ಯಾರಿಗೂ ಧೈರ್ಯ ಸಾಲಲಿಲ್ಲ. ನೂನ್ ಜೊತೆ ಒಪ್ಪಂದ ಮಾಡಿಕೊಳ್ಳೋದು ಎರಡು ಮೂರು ದಿನದ ಕೆಲಸ, ಊರಿನವರನ್ನು ಒಪ್ಪಿಸೋದೇ ನಿಜವಾದ ರಾಜತಾಂತ್ರಿಕತೆ ಅಂತ ನನಗೀಗ ಅನ್ನಿಸುತ್ತೆ.

ಹಾಗಂತ ಬೇರುಬಾರಿಯವರ ಸಿಟ್ಟು ಸುಳ್ಳಲ್ಲ. ಅಲ್ಲಿ ಭಾರತ ನಿಜವಾಗಿ ಇತ್ತು, ಜನ ಭಾರತವನ್ನು ನಂಬಿ ಬಂದಿದ್ದರು. 1974ರ ಕಾಗದ ಜಾಣತನದ್ದು ಅಂತ ನಾನು ಹೇಳಿದ್ದು ಅದಕ್ಕೇ. ಯಾವುದು ನಿಜವಾಗಿ ಕೈಯಲ್ಲಿದೆ, ಯಾವುದು ಬರೀ ಬಣ್ಣ ಅಂತ ಅದು ಬೇರೆ ಮಾಡಿ ನೋಡಿತು.

2015ಕ್ಕೇ ಎಲ್ಲ ಸುಖಾಂತ್ಯ ಅಂತಲೂ ಹೇಳಲಾರೆ. ಜನರಿಗೆ ಯಾವ ದೇಶ ಬೇಕು ಅಂತ ಆರಿಸಿಕೊಳ್ಳುವ ಅವಕಾಶ ಇತ್ತು. ಈ ಕಡೆಯ ತುಂಡುಗಳಿಂದ ಯಾರೂ ಬಾಂಗ್ಲಾದೇಶಕ್ಕೆ ಹೋಗಲಿಲ್ಲ. ಆ ಕಡೆಯ 37 ಸಾವಿರದಲ್ಲಿ ಭಾರತಕ್ಕೆ ಬಂದವರು ಒಂಬೈನೂರು ಚಿಲ್ಲರೆ ಮಂದಿ. ಅವರು ದಿನ್ಹಾಟಾ, ಮೆಖ್ಲಿಗಂಜ್, ಹಲ್ದಿಬಾರಿಯ ತಾತ್ಕಾಲಿಕ ಶಿಬಿರಗಳ ತಗಡಿನ ಶೆಡ್ಡುಗಳಲ್ಲಿ ವರ್ಷಗಟ್ಟಲೆ ಕಾಯಬೇಕಾಯಿತು. ಬಿಟ್ಟು ಬಂದ ಹೊಲದ ಬೆಲೆ, ಉಳಿದವರಿಗೆ ಜಮೀನಿನ ಪಹಣಿ, ಇವೆಲ್ಲ ಒಪ್ಪಂದದ ಸಹಿಯಷ್ಟು ಬೇಗ ಆಗುವ ಕೆಲಸಗಳಲ್ಲ. ತೀಸ್ತಾ ನೀರಿನ ಹಂಚಿಕೆ 2011ರಲ್ಲಿ ಬಿದ್ದದ್ದು ಮತ್ತೆ ಎದ್ದಿಲ್ಲ. 2024ರ ಆಗಸ್ಟ್‌ನಲ್ಲಿ ಹಸೀನಾ ಸರ್ಕಾರ ಬಿತ್ತು, ಎರಡು ದೇಶಗಳ ನಡುವೆ ಮತ್ತೆ ಬಿಸಿ ಮಾತು ಶುರುವಾಯಿತು. ಆದರೆ ಒಂದನ್ನು ಗಮನಿಸಿ. ಈ ಗಲಾಟೆಯ ನಡುವೆ ಆ 162 ತುಂಡುಗಳು ಮತ್ತೆ ಹುಟ್ಟಲಿಲ್ಲ. 2015ಕ್ಕೆ ಮುಂಚೆ ಆಗಿದ್ದರೆ ಮೊದಲ ಪೆಟ್ಟು ಬೀಳ್ತಿದ್ದದ್ದು ಅವರಿಗೇ. ಸಂಬಂಧ ಚೆನ್ನಾಗಿದ್ದಾಗ ಮುಗಿಸಿದ ಕೆಲಸ ಕೆಟ್ಟಾಗ ಕಾಪಾಡುತ್ತೆ. ಮಳೆ ಬರೋಕೆ ಮುಂಚೆ ಹಂಚು ಹೊದೆಸಿದ ಹಾಗೆ.

2016ರ ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದ ಚುನಾವಣೆಯಲ್ಲಿ ಮಾಜಿ ತುಂಡುಗಳ ಜನ ಮೊದಲ ಸಲ ಓಟು ಹಾಕಿದರು. ಸಾಲಿನಲ್ಲಿ ಅಜ್ಜಂದಿರೂ ಇದ್ದರು, ಮೊಮ್ಮಕ್ಕಳೂ ಇದ್ದರು. ಎಲ್ಲರಿಗೂ ಅದು ಮೊದಲ ಓಟೇ.

ನಮ್ಮಜ್ಜ ಈಗಿಲ್ಲ. ಇದ್ದಿದ್ದರೆ ಕಟ್ಟೆ ಮೇಲೆ ಕೂತು "ಅಜ್ಜಾ, ನೀ ಹೇಳಿದ್ದೇ ಖರೆ" ಅಂತ ಒಂದು ಮಾತು ಹೇಳಬೇಕಿತ್ತು. ಹನ್ನೆರಡು ವರ್ಷದ ತನಕ ಬೇರೆ ರಾಜನ ತುಂಡಿನಲ್ಲಿ ಬೆಳೆದು, ಒಂದು ದಿನ ಏನೂ ಆಗದವರ ಹಾಗೆ ಧಾರವಾಡ ಜಿಲ್ಲೆಯವನಾದ ಮನುಷ್ಯ. ಗೆರೆ ಅಂದರೆ ಏನು ಅಂತ ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಬಗ್ ಮುಚ್ಚುವಾಗ ಟಿಕೆಟಿನಲ್ಲಿ ಷರಾ ಬರೆಯಬೇಕಲ್ಲ, ನಾನು ಬರೆದೆ: "ಯಾರಿಗೂ ಬರಲ್ಲ ಅಂದ ಕೇಸು 51,549 ಜನರಿಗೆ ಬಂದಿತ್ತು." ಲೀಡ್ ಓದಿ ನಕ್ಕ, ಆಮೇಲೆ ಟೀ ಕುಡಿಯೋಕೆ ಕರ್ಕೊಂಡು ಹೋಗಿ ಪೂರ್ತಿ ಕಥೆ ಕೇಳಿದ. ಅದನ್ನೇ ಇಲ್ಲಿ ನಿಮಗೂ ಹೇಳಿದ್ದೀನಿ.